ಹಾಸಿನ ಆಚೆ ತುದಿ

ಆ ಇಂಗ್ಲಿಷ್ ಮಾತನ್ನು ನಾನು ಮೊದಲು ಕಂಡದ್ದು ಬಟ್ಟೆಯ ಬ್ಯಾನರಿನ ಮೇಲೆ. ಓದಲು ಬರಲಿಲ್ಲ. ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದುವವಳು ನಾನು. ಬಸ್ಸಿನ ತೆಲುಗು ಬೋರ್ಡನ್ನು ಊಹೆಯ ಮೇಲೆ ಓದುತ್ತೇನೆ. ಇಂಗ್ಲಿಷೆಂದರೆ ನನಗೆ ಇರುವೆ ಸಾಲು. ಕಂಬಳಿ ಕೆಲಸ ಉಳಿಸುತ್ತೇವೆಂದು ಬಂದಿದ್ದ ಒಂದು ಸಂಸ್ಥೆಯ ಹುಡುಗಿ ಅದನ್ನು ನಮ್ಮ ಮಗ್ಗದ ಕೋಣೆಯ ಬಾಗಿಲಿಗೆ ಕಟ್ಟುತ್ತಿದ್ದಳು.

"ಏನಂತ ಬರ್ದೈತೆ ಅದ್ರಾಗೆ?" ಎಂದು ಕೇಳಿದೆ.

"ಬ್ರೀದಿಂಗ್ ನ್ಯೂ ಲೈಫ್ ಇನ್‌ಟು ದ ಕಂಬಳಿ, ಅಜ್ಜಿ."

"ಅಂಗಂದ್ರೆ?"

"ಕಂಬಳಿಗೆ ಹೊಸ ಜೀವ ಊದೋದು ಅಂತ. ನಿಂತುಹೋಗ್ತಿರೋದನ್ನ ಮತ್ತೆ ನಡೆಯೋ ಹಾಗೆ ಮಾಡೋದಕ್ಕೆ ಇಂಗ್ಲಿಷಲ್ಲಿ ಹೀಗಂತಾರೆ."

"ಯಾವ್ಯಾವುದಕ್ಕೆ ಅಂತಾರೆ?"

ಅವಳು ಓದಿದ ಹುಡುಗಿ, ಆದರೆ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುತ್ತಾಳೆ. ಬೀಳುತ್ತಿದ್ದ ಬಂಗಲೆಯನ್ನು ರಿಪೇರಿ ಮಾಡಿ ಹೋಟೆಲ್ ಮಾಡಿದರೆ ಹಾಗೆ ಹೇಳುತ್ತಾರಂತೆ. ಮುಚ್ಚುವ ಹಾಗಿದ್ದ ಕಂಪನಿಗೆ ಹೊಸ ಮ್ಯಾನೇಜರು ಬಂದು ಎತ್ತಿ ನಿಲ್ಲಿಸಿದರೆ ಹೇಳುತ್ತಾರಂತೆ. ಜನ ಮರೆತ ಹಾಡಿಗೂ, ಹಳಸಿಹೋದ ಸ್ನೇಹಕ್ಕೂ ಹೇಳಬಹುದಂತೆ. ಕಾಯಿಲೆ ಬಿದ್ದ ಮನುಷ್ಯರಿಗೆ ಮಾತ್ರ ಹೇಳುವುದಿಲ್ಲವಂತೆ.

"ಊದೋರು ಯಾರು?" ಎಂದೆ.

ಅವಳು ನಕ್ಕಳು. "ನಾವೇ ಅಜ್ಜಿ. ಎಲ್ಲರೂ ಸೇರಿ."

ನಾನು ನಿಜವಾಗಿ ಊದಿದವಳು. ನಮ್ಮದು ಕುರಿ ಮನೆತನ. ಉಸಿರಿಲ್ಲದೆ ಬಿದ್ದ ಮರಿಯ ಬಾಯಿಯೊಳಗಿನ ಲೋಳೆ ಬಳಿದು, ಮೂಗಿಗೆ ಬಾಯಿಟ್ಟು ಊದಿದ್ದೇನೆ. ಮೊದಲು ಎದೆಗೆ ಎರಡು ಬೆರಳಿಟ್ಟು ನೋಡಬೇಕು. ಅಲ್ಲಿ ಬಡಿತವಿದ್ದರೆ ಊದಬೇಕು. ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ, ಅಷ್ಟೆ. ಬಡಿತವಿದ್ದರೂ ನಾಲ್ಕೈದು ಸಲ ಊದುವುದರೊಳಗೆ ಮರಿ ತಾನಾಗಿ ಒಂದು ಸಲ ಎಳೆದುಕೊಳ್ಳಬೇಕು. ಎಳೆದುಕೊಳ್ಳದಿದ್ದರೆ ನಮ್ಮ ಉಸಿರು ನಮ್ಮ ಮುಖಕ್ಕೇ ವಾಪಸು ಬರುತ್ತದೆ.

ಇದನ್ನು ಹುಡುಗಿಗೆ ಹೇಳಿದೆ. ಅವಳು ಬರೆದುಕೊಂಡಳು. ಆಮೇಲೆ ಒಂದು ನೋಟ್‌ಬುಕ್ಕು ಕೊಟ್ಟು, "ಮುಂದೆ ನಡೆಯೋದನ್ನ ನೀವೇ ಬರೀರಿ, ಕಾಗುಣಿತ ನಾನು ತಿದ್ತೀನಿ" ಎಂದಳು. ಕಾಗುಣಿತ ತಿದ್ದು, ಮಾತು ತಿದ್ದಬೇಡ ಎಂದೆ.

ಕೋಣೆ ಯಾರದೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮೂರು ಆಂಧ್ರಕ್ಕೆ ಸೇರಿದ ಮಡಕಶಿರಾ ಕಡೆ, ರೊಳ್ಳದ ಹತ್ತಿರ. ಮಗ್ಗದ ಬಾಗಿಲಲ್ಲಿ ನಿಂತರೆ ರತ್ನಗಿರಿ ಕೋಟೆಯ ಗುಡ್ಡ ಕಾಣುತ್ತದೆ. ನನ್ನ ಗಂಡ, ಅವನ ತಮ್ಮ ಇಬ್ಬರೂ ಕಂಬಳಿ ನೇಯುತ್ತಿದ್ದರು. ಭಾಗವಾದಾಗ ಮನೆಯೂ ಮಗ್ಗವೂ ನಮಗೆ ಬಂದವು, ಮಗ್ಗದ ಕೋಣೆ ತಮ್ಮನಿಗೆ ಹೋಯಿತು. ಹೀಗಾಗಿ ಮಗ್ಗ ನಮ್ಮದು, ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ ಅವರದು. ಒಟ್ಟಿಗೆ ಕೆಲಸ ಮಾಡುವಾಗ ಇದು ಯಾರಿಗೂ ಅಡ್ಡಿಯಾಗಲಿಲ್ಲ. ಆಮೇಲೆ ನನ್ನ ಮೈದುನ ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ರಾಯದುರ್ಗಕ್ಕೆ ಹೋದ, ಜೀನ್ಸ್ ಪ್ಯಾಂಟಿನ ಕೆಲಸಕ್ಕೆ. ಈಗ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಹಳಬರಲ್ಲಿ ಉಳಿದದ್ದು ನಾನು ಮತ್ತು ನನ್ನ ವಾರಗಿತ್ತಿ.

ಅವಳು ಹೋಗುವ ದಿನ ನಾನೊಂದು ಮಾತು ಆಡಿದ್ದೆ. "ಮಗ್ಗದ ಹಾಸು ಹಿಡ್ದ ಕೈಯಾಗೆ ಊರವ್ರ ಪ್ಯಾಂಟು ಹಿಡ್ಕಂತೀಯಾ? ಓಗು." ಅವಳು ಬಸ್ಸು ಹತ್ತಿದಳು. ಆಮೇಲೆ ಎರಡು ಸಾವಿಗೆ ಬಂದು ಹೋದಳು. ಎರಡು ಸಲವೂ ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಿಸಲಿಲ್ಲ.

ಈ ಸಲ ಮಳೆಗಾಲದಲ್ಲಿ ಅವಳ ಮಗನಿಂದ ಅಂಗಡಿಯವನ ಫೋನಿಗೆ ಸುದ್ದಿ ಬಂತು. ದೀಪಾವಳಿಯೊಳಗೆ ಮಗ್ಗ ಎತ್ತಬೇಕು, ಗುಂಡಿ ಮುಚ್ಚಿ ಸಿಮೆಂಟು ಹಾಕಿ ಕೋಣೆಯನ್ನು ಗೊಬ್ಬರದ ಗೋಡೌನಿಗೆ ಕೊಡುತ್ತೇವೆ, ಅಮ್ಮನೂ ಒಪ್ಪಿದ್ದಾಳೆ ಎಂದು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಹಾಸು ಏರಿದ ಮಗ್ಗವನ್ನು ಯಾರೂ ಎತ್ತುವುದಿಲ್ಲ. ಹಾಸೆಂದರೆ ಮಗ್ಗಕ್ಕೆ ಉದ್ದಕ್ಕೂ ಎಳೆದು ಕಟ್ಟುವ ನೂಲು. ಅದು ಮಗ್ಗದ ಮೇಲಿರುವ ತನಕ, ಕೊನೆಯ ಕಂಬಳಿ ಕೊಯ್ದು ಇಳಿಸುವ ತನಕ, ಜಗಳವಾಡಿದ ಅಣ್ಣತಮ್ಮಂದಿರೂ ಮಗ್ಗ ಮುಟ್ಟುವುದಿಲ್ಲ. ಕೊಯ್ಯುವಾಗ ಒಂದು ಗೇಣು ಬಿಟ್ಟು, ಅದರ ತುದಿಗೆ ಹೊಸ ಹಾಸು ಗಂಟು ಹಾಕಿಕೊಂಡರೆ ಮಗ್ಗ ಎಂದೂ ಬರಿದಾಗುವುದಿಲ್ಲ. ಗಂಡ ಸತ್ತ ವರ್ಷ ನಾನು ಬುದ್ಧಿಯಿಲ್ಲದೆ ಪೂರ್ತಿ ಕೊಯ್ದಿದ್ದೆ. ಅಂದಿನಿಂದ ಮಗ್ಗ ಬರಿದು.

ಹುಡುಗಿ ಬಂದು ನಾಲ್ಕು ಕಂಬಳಿ ನೇಯ್ದು ಕೊಡುತ್ತೀರಾ ಎಂದಾಗ ನಾನು ಒಪ್ಪಿದ್ದು ಅವಳ ಬ್ಯಾನರಿಗಲ್ಲ. ದೀಪಾವಳಿಯೊಳಗೆ ಹಾಸು ಏರಿಸಿದರೆ ಗುಂಡಿ ಉಳಿಯುತ್ತದೆ ಎಂದು. ಅದನ್ನು ಅವಳಿಗೆ ಹೇಳಲಿಲ್ಲ.

ಉಣ್ಣೆ ಸಿಗುವುದೇ ಕಷ್ಟವಾಯಿತು. ಈಗ ಎಲ್ಲರೂ ಮಾಂಸದ ಕೆಂಪು ಕುರಿ ಸಾಕುತ್ತಾರೆ, ಅದರ ಮೈಮೇಲೆ ಉಣ್ಣೆಯೇ ಇಲ್ಲ. ರೊಳ್ಳದ ಆಚೆ ಒಬ್ಬ ಮುದುಕನ ಹಟ್ಟಿಯಲ್ಲಿ ಮಾತ್ರ ಕರಿ ಕುರಿಗಳು ಉಳಿದಿದ್ದವು. ಮರಿಗಳ ಮೊದಲ ಕತ್ತರಿಯ ಉಣ್ಣೆ ಕೊಟ್ಟ. ಅದು ಮೆತ್ತಗೆ, ಹೊಗೆಯ ಹಾಗೆ. ಮುಳ್ಳು ಆಯ್ದು, ಬಡಿದು, ಬಿಲ್ಲಿನಿಂದ ಎಕ್ಕಿ ಬಿಡಿಸಿ, ಹಂಜಿಯ ಸುರುಳಿ ಮಾಡಿ, ರಾಟೆಯಲ್ಲಿ ನೂತೆ. ಹಾಸಿನ ನೂಲಿಗೆ ಹುರಿ ಜಾಸ್ತಿ ಬೇಕು. ಮಳೆಗಾಲವೆಲ್ಲ ಅದೇ ಆಯಿತು. ಮೊದಲು ಒಂದು ಓಣಿಯಲ್ಲಿ ಹತ್ತು ರಾಟೆ ಕೇಳುತ್ತಿತ್ತು. ಈಗ ನನ್ನದೊಂದೇ. ಅದು ನಿಂತರೆ ಓಣಿಯೇ ನಿಂತ ಹಾಗೆ.

ದಸರಾ ಕಳೆದ ಮೇಲೆ ಹಾಸು ಹಾಸಿದೆ. ಬೀದಿಯಲ್ಲಿ ಇಪ್ಪತ್ತೆರಡು ಮೊಳ ದೂರಕ್ಕೆ ಗೂಟ ಬಡಿದು, ನೂಲಿನ ಉಂಡೆ ಹಿಡಿದು ಈ ಗೂಟದಿಂದ ಆ ಗೂಟಕ್ಕೆ, ಆ ಗೂಟದಿಂದ ಈ ಗೂಟಕ್ಕೆ ನಡೆಯಬೇಕು. ಇಬ್ಬರಿದ್ದರೆ ಉಂಡೆ ಕೈ ಬದಲಾಗುತ್ತದೆ, ಅರ್ಧ ನಡಿಗೆ ಉಳಿಯುತ್ತದೆ. ನಾನೊಬ್ಬಳೇ ಎರಡು ದಿನ ನಡೆದೆ. ಎದುರು ಮನೆಯ ನಾಯಿ ಮೊದಲ ದಿನ ಹಿಂದೆ ಮುಂದೆ ಜೊತೆಗೆ ನಡೆಯಿತು, ಎರಡನೆಯ ದಿನ ಅದಕ್ಕೂ ಸಾಕಾಯಿತು.

ಕಷ್ಟದ ಕೆಲಸ ಆಮೇಲಿನದು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕದಿದ್ದರೆ ಮಗ್ಗದ ಏಟಿಗೆ ಉಣ್ಣೆ ನಿಲ್ಲುವುದಿಲ್ಲ. ಬೀಜ ಹುರಿದು, ನೆನೆಸಿ, ಸಿಪ್ಪೆ ತಿಕ್ಕಿ ತೆಗೆದು, ರುಬ್ಬಿ ಕುದಿಸಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಬಿಡಿಸಿದರೆ ಎಳೆ ಬರಬೇಕು, ಎಳೆ ಹರಿಯುವಾಗ ಬೆರಳಿಗೆ ಅಂಟಬಾರದು. ಹಾಸನ್ನು ಬಿಸಿಲಲ್ಲಿ ಬಿಗಿಯಾಗಿ ಚಾಚಿ ಗಂಜಿ ಬಳಿದು, ಬೇರಿನ ಕುಂಚದಿಂದ ಒಂದೇ ದಿಕ್ಕಿಗೆ ತೀಡುತ್ತ ಹೋಗಬೇಕು. ಎಳೆ ಎಳೆಗೆ ಅಂಟದ ಹಾಗೆ ನಡುವೆ ಕಡ್ಡಿ ಸರಿಸುತ್ತಿರಬೇಕು. ಇದಿಷ್ಟು ಈಚೆ ತುದಿಯವರ ಕೆಲಸ.

ಆಚೆ ತುದಿಯಲ್ಲಿ ಒಬ್ಬರು ಹಾಸನ್ನು ಹಿಡಿದು ನಿಂತಿರಬೇಕು. ಒದ್ದೆ ಉಣ್ಣೆ ಹಿಗ್ಗುತ್ತದೆ, ಒಣಗುತ್ತ ಕುಗ್ಗುತ್ತದೆ. ಹಿಗ್ಗಿದಾಗ ಅವರು ಹಿಂದಕ್ಕೆ ಸರಿಯುತ್ತಾರೆ, ಕುಗ್ಗಿದಾಗ ಕೂದಲಷ್ಟು ಕೂದಲಷ್ಟೇ ಮುಂದಕ್ಕೆ ಬರುತ್ತಾರೆ. ಹೆಜ್ಜೆ ಕೊಡುವುದು ಎನ್ನುತ್ತೇವೆ. ನೋಡುವವರಿಗೆ ಸುಮ್ಮನೆ ನಿಂತ ಹಾಗೆ ಕಾಣುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ತುದಿಯಲ್ಲಿ ನಿಂತವಳು ನನ್ನ ವಾರಗಿತ್ತಿ.

ಅವಳಿಲ್ಲದೆಯೂ ಆಗುತ್ತದೆ ಎಂದುಕೊಂಡೆ. ಆಚೆ ತುದಿಗೆ ಬೇವಿನ ಗೂಟ ಬಡಿದು ಆಡಿನ ಕೂದಲಿನ ಹಗ್ಗದಿಂದ ಹಾಸು ಬಿಗಿದೆ. ಗಂಜಿ ಬಳಿದೆ, ತೀಡಿದೆ. ಮೋಡವಿದ್ದದ್ದು ಹತ್ತು ಗಂಟೆಯ ಹೊತ್ತಿಗೆ ಚದುರಿ ಬಿಸಿಲು ಒಮ್ಮೆಲೇ ಬಿತ್ತು. ಹಾಸು ಒಂದೇ ಸಮ ಕುಗ್ಗತೊಡಗಿತು. ಈಚೆಯಿಂದ ಓಡಿ ಹಗ್ಗ ಸಡಿಲಿಸುವಷ್ಟರಲ್ಲಿ ಎಡ ಅಂಚಿನ ಎಳೆಗಳು ಟಪ್ ಟಪ್ ಎಂದು ಹೋದವು, ಹುರಿಯುವಾಗ ಕಡಲೆ ಸಿಡಿದ ಹಾಗೆ. ಎರಡು ಗೇಣು ಅಗಲಕ್ಕೆ ಹಾಸೇ ಇಲ್ಲ. ಗೂಟ ಮಾತ್ರ ಅಲ್ಲಾಡದೆ ನಿಂತಿತ್ತು.

ಯಾರಿಗೂ ಹೇಳಲಿಲ್ಲ. ಹೇಳಲು ಯಾರೂ ಇರಲಿಲ್ಲ. ಹಾಸನ್ನು ಮಡಚಿ ಒಳಗೆ ತಂದೆ, ಉಗುರುಬೆಚ್ಚಗಿನ ನೀರಲ್ಲಿ ಗಂಜಿ ತೊಳೆದೆ, ನೆರಳಲ್ಲಿ ಒಣಗಿಸಿ ಹರಿದ ಒಂದೊಂದು ಎಳೆಗೂ ಗಂಟು ಹಾಕಲು ಕೂತೆ. ಒಂಬತ್ತು ದಿನ ಹಿಡಿಯಿತು. ಮಧ್ಯಾಹ್ನ ಒಂದು ಮುದ್ದೆ ತಿರುವಿ ಉಣ್ಣುತ್ತಿದ್ದೆ, ಮತ್ತೆ ಗಂಟು. ಉಣ್ಣೆ ಬೇರೆ ಇಲ್ಲ, ಮುಂದಿನ ಕತ್ತರಿ ಸಂಕ್ರಾಂತಿಯ ಮೇಲೆ. ದೀಪಾವಳಿಗೆ ವಾರ ಉಳಿದಿತ್ತು.

ಹುಡುಗಿ ಬಂದಾಗ ಅವಳನ್ನೇ ಆಚೆ ತುದಿಗೆ ನಿಲ್ಲಿಸಿದೆ. ಸೆರಗು ಇರಲಿಲ್ಲ, ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಶ್ರದ್ಧೆಯಿಂದಲೇ ನಿಂತಳು.

"ಎಷ್ಟು ಗಟ್ಟಿ ಹಿಡೀಲಿ ಅಜ್ಜಿ?"

"ಎಷ್ಟು ಅಂತ ನಾನೆಂಗೆ ಹೇಳ್ಲಿ. ಅದೇ ಹೇಳ್ತೈತೆ."

"ಯಾವುದು?"

"ಹಾಸು."

ಪಾಪ, ಅವಳು ಬಗ್ಗಿ ಹಾಸಿಗೆ ಕಿವಿ ಕೊಟ್ಟಳು. ನನಗೆ ನಗು ಬಂತು, ಆಮೇಲೆ ಭಯ ಬಂತು. ಗಂಜಿ ಕುದಿಸಿಟ್ಟಿದ್ದರೂ ಹಾಕಲಿಲ್ಲ. ಅಂಚಿನಲ್ಲಿ ನಾಲ್ಕು ಬೆರಳು ಅಗಲಕ್ಕೆ ಬರೀ ನೀರು ಹಚ್ಚಿ ಪರೀಕ್ಷೆ ಮಾಡಿದೆ. ಒಣಗುವ ಹೊತ್ತಿಗೆ ಅವಳು ಇನ್ನೂ ಗಟ್ಟಿಯಾಗಿ ಹಿಡಿದಳು, ಜಾರೀತೆಂಬ ಹೆದರಿಕೆಗೆ. ಎರಡು ಎಳೆ ಹೋದವು.

"ಸಾಕು, ಬಿಡು" ಎಂದೆ. ಗಂಜಿ ನಾಳೆಗೆ ಹುಳಿಯುತ್ತದೆ. ತಿಪ್ಪೆಗೆ ಸುರಿದೆ.

"ನನ್ನಿಂದ ಹಾಳಾಯ್ತಾ ಅಜ್ಜಿ?"

"ನಿಂದೇನಿಲ್ಲ. ಇದನ್ನ ಕಲಿಯೋಕೆ ಇಪ್ಪತ್ತು ವರ್ಸ ಬೇಕು."

"ಅಷ್ಟು ಟೈಮ್ ಎಲ್ಲಿದೆ?"

"ಇಪ್ಪತ್ತು ವರ್ಸ ಆಗಲೇ ಕಳ್ದಿರೋಳು ಒಬ್ಳವ್ಳೆ" ಎಂದೆ. ಬಾಯಿಂದ ಬಂದ ಮೇಲೆ, ಹೋಗಲೇಬೇಕೆಂದು ನನಗೂ ತಿಳಿಯಿತು.

ಮಾರನೆಯ ದಿನ ಬೆಳಗಾಗುವ ಮೊದಲೇ ಹೊರಟೆ. ಮಡಕಶಿರಾದಿಂದ ಪಾವಗಡ, ಪಾವಗಡದಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ಬಸ್ಸು ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಗಿ ಮತ್ತೆ ಮೊದಲಿನದಕ್ಕೇ ಬರುತ್ತದೆ. ಕಂಡಕ್ಟರು ಎಲ್ಲಿಗೆಂದು ಒಬ್ಬ ಕನ್ನಡದಲ್ಲಿ ಕೇಳಿದ, ಇಬ್ಬರು ತೆಲುಗಿನಲ್ಲಿ ಕೇಳಿದರು. ಯಾಕೆಂದು ಯಾರೂ ಕೇಳಲಿಲ್ಲ, ಅದು ಒಳ್ಳೆಯದಾಯಿತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದೆ. ಒಂದೂ ಸರಿ ಕಾಣಲಿಲ್ಲ.

ರಾಯದುರ್ಗದ ಬೆಟ್ಟದ ಕೆಳಗಿನ ಒಂದು ಓಣಿಯಲ್ಲಿ ತಗಡಿನ ಶೆಡ್ಡು. ಒಳಗೆಲ್ಲ ನೀಲಿ ಪ್ಯಾಂಟಿನ ರಾಶಿ, ನೀಲಿ ಧೂಳು. ಬಾಗಿಲಲ್ಲಿ ಮೇಸ್ತ್ರಿ ತಡೆದ.

"ಒಳಗ ಬರಂಗಿಲ್ರಿ. ಯಾರು ಬೇಕಾಗಿತ್ತು?"

"ಅಗೋ, ಆ ನೀಲಿ ಕೈಯೋಳು."

"ಇಲ್ಲಿ ಎಲ್ಲಾರ ಕೈನೂ ನೀಲೀನ ಅದಾವ್ರಿ ಯಜಮಾನ್ತಿ."

ದನಿ ಕೇಳಿ ಅವಳು ತಲೆ ಎತ್ತಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನನ್ನದಕ್ಕಿಂತ ಹೆಚ್ಚು. ಮಾತು ಆ ಕಡೆಯದೇ ಆಗಿತ್ತು.

"ಅಕ್ಕಾ, ಯಾರು ಸತ್ರು?"

"ಯಾರೂ ಇಲ್ಲ. ಸಾಯೋಕೆ ಇನ್ಯಾರವ್ರೆ, ನಾವಿಬ್ರೇ."

ಮೇಸ್ತ್ರಿ ಬಿಟ್ಟ. ಅವಳ ಪಕ್ಕದ ಪ್ಯಾಂಟಿನ ಗಂಟಿನ ಮೇಲೆ ಕೂತೆ. ಅವಳು ಹಲಗೆಗೆ ಹೊಸ ಪ್ಯಾಂಟು ಏರಿಸಿ ಅದರ ಮೊಣಕಾಲನ್ನು ಉಜ್ಜುಕಾಗದದಿಂದ ತಿಕ್ಕುತ್ತಿದ್ದಳು.

"ಏನೇ ಇದು?"

"ಹೊಸಾ ಪ್ಯಾಂಟು. ತಿಕ್ಕಿ ಹಳೇದು ಮಾಡ್ತೀವಿ."

"ಯಾಕೆ?"

"ಹಳೇದಾದಂಗ ಕಂಡ್ರ ಜನ ತಗೊಂತಾರ."

"ನಮ್ಮೂರಾಗೆ ಒಬ್ಳು ಹುಡುಗಿ ಹಳೇದುಕ್ಕೆ ಹೊಸ ಜೀವ ಊದ್ತೀನಿ ಅಂತ ಬಾಗ್ಲಿಗೆ ಇಂಗ್ಲಿಷಲ್ಲಿ ಬರೆಸಿ ಕಟ್ಟವ್ಳೆ."

"ಹಂಗಾರ ಆಕೀಗೂ ನಮ್ಮ ಮೇಸ್ತ್ರಿಗೂ ಲಗ್ನ ಮಾಡ್ರಿ. ಒಬ್ರು ಹಳೇದು ಮಾಡ್ಲಿ, ಒಬ್ರು ಹೊಸಾದು ಮಾಡ್ಲಿ. ಸಂಸಾರ ಚಂದ ನಡೀತೈತಿ."

ಸುತ್ತಲಿನ ಹೆಂಗಸರು ನಕ್ಕರು. ಅವಳು ನಗಲಿಲ್ಲ. ತಿಕ್ಕುತ್ತಲೇ, "ಅದನ್ನ ಹೇಳಾಕ ಮೂರು ಬಸ್ ಹತ್ತಿ ಬಂದ್ಯಾ?" ಎಂದಳು.

"ಹಾಸಿಗೆ ಗಂಜಿ ಹಾಕ್ಬೇಕು. ಆಚೆ ತುದಿ ಹಿಡಿಯೋರಿಲ್ಲ."

ಅವಳು ಪ್ಯಾಂಟಿನ ಇನ್ನೊಂದು ಮೊಣಕಾಲಿಗೆ ಉಜ್ಜುಕಾಗದ ಹಚ್ಚಿದಳು.

"ಗುಂಡಿ ಮುಚ್ತೀವಂತ ಹೇಳಿ ಕಳಿಸೀನಿ."

"ಕೇಳ್ದೆ."

"ಹಾಸು ಏರಿದ ಮ್ಯಾಲ ಮಗ್ಗ ಎತ್ತಾಕ ಬರಂಗಿಲ್ಲಂತ ನಂಗೂ ಗೊತ್ತೈತಿ."

"ಗೊತ್ತಿರ್ತೈತೆ."

"ಅಂದ್ರ, ನನ್ನ ಗುಂಡಿ ನಾ ಮುಚ್ಚದಂಗ ಮಾಡಾಕ ನನ್ನ ಕೈಯಾಗ ಹಾಸು ಹಿಡಿಸಾಕ ಬಂದಿ. ಊರವರ ಪ್ಯಾಂಟು ಹಿಡಿದ ಕೈಯಾಗ."

ಅಷ್ಟು ವರ್ಷ ಆ ಮಾತನ್ನು ಅಕ್ಷರ ಬಿಡದೆ ಇಟ್ಟುಕೊಂಡಿದ್ದಳು. ತಪ್ಪಾಯಿತು ಎನ್ನುವ ಅಭ್ಯಾಸ ನನಗಿಲ್ಲ. "ಹೂಂ" ಎಂದೆ. "ಅದೇ ಕೈ ಬೇಕು."

ಅವಳು ಪ್ಯಾಂಟು ತೆಗೆದು ಇನ್ನೊಂದು ಏರಿಸಿದಳು. ಆಯಿತು, ವಾಪಸು ಬಸ್ಸು ಎಷ್ಟು ಹೊತ್ತಿಗೋ ಎಂದುಕೊಂಡು ನಾನು ಏಳುತ್ತಿದ್ದೆ.

"ಇಲ್ಲೀತನ ಯಾರು ಹಿಡಿದಿದ್ರು?" ಎಂದು ಕೇಳಿದಳು.

"ಬೇವಿನ ಗೂಟ."

ಅವಳ ಕೈ ನಿಂತಿತು. "ಗೂಟಕ್ಕ ಕಟ್ಟಿದ್ಯಾ?"

"ಹೂಂ."

"ಯಾವ ಉಣ್ಣಿ?"

"ಮರಿ ಉಣ್ಣೆ. ಮೊದ್ಲ ಕತ್ರಿದು."

"ಮರಿ ಉಣ್ಣೀನ ಗೂಟಕ್ಕ ಕಟ್ಟಿದ್ಯಾ! ನಿನ್ನ ಬುದ್ಧಿಗೆ ಬೆಂಕಿ ಹಾಕ್ಲಿ. ಎಷ್ಟು ಹೋದ್ವು?"

"ಎಡಕ್ಕೆ ಎರಡು ಗೇಣು. ಗಂಟು ಹಾಕಿವ್ನಿ."

ಉಜ್ಜುಕಾಗದವನ್ನು ನೆಲಕ್ಕೆ ಬಡಿದು ಎದ್ದಳು. ಮೇಸ್ತ್ರಿಯ ಹತ್ತಿರ ಹೋಗಿ, "ಎರಡು ದಿನ ರಜಾ ಕೊಡ್ರಿ" ಎಂದಳು. ಅವನು ಯಾಕೆಂದ.

"ನಮ್ಮ ಅಕ್ಕ ಒಂದು ಗೂಟದ ಕೂಡ ಸಂಸಾರ ಮಾಡಾಕ ಹತ್ಯಾಳ. ಬಿಡಿಸಿ ಬರ್ತೀನಿ."

ಮತ್ತೆ ಅದೇ ಮೂರು ಬಸ್ಸು. ಕಲ್ಯಾಣದುರ್ಗದಲ್ಲಿ ಅವಳು ಎರಡು ಬಾಳೆಹಣ್ಣು ಕೊಂಡಳು, ಒಂದನ್ನು ಮುಖ ನೋಡದೆ ನನ್ನ ಕಡೆ ಚಾಚಿದಳು. ಊರು ಮುಟ್ಟಿದಾಗ ಇನ್ನೂ ಒಂದಿಷ್ಟು ಬೆಳಕು ಉಳಿದಿತ್ತು. ಕಾಲು ತೊಳೆಯುವ ಮೊದಲೇ ಹಾಸು ತರಿಸಿಕೊಂಡು ಮಂಡಿಯ ಮೇಲೆ ಹರಡಿ ಬೆರಳಾಡಿಸಿದಳು. ಕಣ್ಣು ಮುಚ್ಚಿ ಮತ್ತೊಮ್ಮೆ ಆಡಿಸಿದಳು.

"ಏನೇ?"

"ಗೊತ್ತಾಗವಲ್ದು."

ಬೆರಳು ತೋರಿಸಿದಳು. ತುದಿಗಳು ನುಣ್ಣಗೆ ಸವೆದು ಹೊಳೆಯುತ್ತಿದ್ದವು, ಗೆರೆಯೇ ಇಲ್ಲ. ಗೆರೆಯಿದ್ದ ಕಡೆ ನೀಲಿ ಕೂತಿತ್ತು. ಹಾಸಿನ ಬಿಗಿ ಸಡಿಲ ತಿಳಿಯುವುದೇ ಬೆರಳ ತುದಿಯಿಂದ.

"ಮೊದ್ಲೇ ಹೇಳ್ಬಾರ್ದಿತ್ತೇನೇ?"

"ನಂಗೂ ಈಗ ಗೊತ್ತಾತು. ಪ್ಯಾಂಟು ತಿಕ್ಕಾಕ ಬೆರಳು ತಿಳೀಬೇಕಂತೇನಿಲ್ಲ."

ಆ ಸಂಜೆ ಅವಳು ಹೆಚ್ಚು ಉಣ್ಣಲಿಲ್ಲ. ಸಮಾಧಾನದ ಮಾತು ನನಗೆ ಬರುವುದಿಲ್ಲ. ನಾಳೆಯ ಗಂಜಿಗೆ ಹುಣಸೆ ಬೀಜ ನೆನೆಹಾಕಿದೆ.

ಬೆಳಿಗ್ಗೆ ಅವಳೇ ಎದ್ದು ಬೀದಿಯ ಆಚೆ ತುದಿಗೆ ಹೋಗಿ ಗೂಟಕ್ಕೆ ಸುತ್ತಿದ್ದ ಆಡಿನ ಕೂದಲಿನ ಹಗ್ಗ ಬಿಚ್ಚಿದಳು. ಹಾಸಿನ ತುದಿಗಿದ್ದ ಕೋಲಿಗೆ ಹಗ್ಗದ ಎರಡು ತುದಿ ಕಟ್ಟಿ, ನಡುವನ್ನು ತನ್ನ ಸೊಂಟದ ಹಿಂದಕ್ಕೆ ಹಾಕಿಕೊಂಡು ವಾಲಿ ನಿಂತಳು, ಬಾವಿಯಿಂದ ಕೊಡ ಎಳೆಯುವವರ ಹಾಗೆ.

"ಕೈಗೆ ತಿಳೀದಿದ್ರ ಸೊಂಟಕ್ಕ ತಿಳೀತೈತಿ. ನನ್ನ ಮೈಯಾಗ ನೋವು ಅಂತ ದಿನಾ ಹೇಳೋದು ಅದೊಂದ. ಹಚ್ಚು ಗಂಜಿ."

ಹಚ್ಚಿದೆ. ಮೊದಲ ಸಲ ತೀಡಿದಾಗಲೇ ಗೊತ್ತಾಯಿತು. ಗೂಟಕ್ಕೆ ಕಟ್ಟಿದ ಹಾಸು ಕುಂಚದ ಕೆಳಗೆ ಹಲಗೆಯ ಹಾಗಿರುತ್ತದೆ. ಇದು ಹಾಗಿರಲಿಲ್ಲ. ನಾನು ಒತ್ತಿದರೆ ಆಚೆಯಿಂದ ಒಂದಿಷ್ಟು ಬಂತು, ಬಿಟ್ಟರೆ ಹೋಯಿತು. ಇಪ್ಪತ್ತೆರಡು ಮೊಳ ದೂರದಲ್ಲಿ ಒಬ್ಬಳು ಉಸಿರಾಡುತ್ತಿದ್ದಾಳೆಂದು ನನ್ನ ಮೊಣಕೈಗೆ ತಿಳಿಯುತ್ತಿತ್ತು. ಗಂಡ ಸತ್ತ ಮೇಲೆ ಅಷ್ಟು ಹತ್ತಿರ ಯಾರೂ ಬಂದಿರಲಿಲ್ಲ.

ಮೋಡ ಕವಿಯಿತು. ಎರಡು ತಾಸಿನಲ್ಲಿ ಒಣಗುವ ಹಾಸು ನಾಲ್ಕು ತಾಸು ತೆಗೆದುಕೊಂಡಿತು. ಅವಳು ಕೂರುವ ಹಾಗಿಲ್ಲ, ನಾನು ಕುಂಚ ಬಿಡುವ ಹಾಗಿಲ್ಲ. ಹುಡುಗಿ ಲೋಟ ಹಿಡಿದು ಅವಳ ಬಾಯಿಗೆ ನೀರು ಕುಡಿಸಿದಳು. ಹಗ್ಗ ಉಜ್ಜಿ ಸೊಂಟದ ಸೀರೆ ಸವೆಯುತ್ತಿತ್ತು. ಹನ್ನೊಂದರ ಮೇಲೆ ಬಿಸಿಲು ಹೋದ ಸಲದ ಹಾಗೆಯೇ ಒಮ್ಮೆಲೇ ಬಿತ್ತು. ನಾನು ಎಡ ಅಂಚನ್ನೇ ನೋಡುತ್ತಿದ್ದೆ, ನನ್ನ ಗಂಟುಗಳಿದ್ದ ಕಡೆ.

"ಅಂಚು ನೋಡಬ್ಯಾಡ, ಕುಂಚ ನೋಡು!" ಎಂದು ಅಲ್ಲಿಂದ ಕೂಗಿದಳು. "ಅಂಚು ನನ್ನ ಕೆಲಸ."

ಅವಳು ಎಡಗಾಲನ್ನು ಮುಂದಕ್ಕೆ ತಂದಳು. ಹೆಜ್ಜೆ ಅಲ್ಲ, ಹೆಬ್ಬೆರಳಷ್ಟು. ಮತ್ತೆ ಅಷ್ಟು. ಸೊಂಟ ಎಡಕ್ಕೆ ತಿರುಗಿಸಿ ಗಂಟಿದ್ದ ಅಂಚಿಗೆ ಮಾತ್ರ ಸಡಿಲು ಕೊಟ್ಟಳು. ಯಾವ ಗೂಟಕ್ಕೂ ಅದು ಬರುವುದಿಲ್ಲ. ಹಾಸು ಒಣಗಿ ತಂತಿಯಾಗುವ ಹೊತ್ತಿಗೆ ಒಂದು ಮೊಳ ಮುಂದೆ ಬಂದಿದ್ದಳು. ಒಂದೆಳೆಯೂ ಹೋಗಲಿಲ್ಲ.

ಮಧ್ಯಾಹ್ನ ಇಬ್ಬರೂ ಹಾಸನ್ನು ಮಗ್ಗಕ್ಕೆ ಏರಿಸಿದೆವು. ಅವಳು ಗುಂಡಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟು ನೋಡಿದಳು. "ಇಷ್ಟ ಸಣ್ಣದಿತ್ತೇನು ಇದು" ಎಂದಳು.

"ಮಗಂಗೆ ಏನಂತೀಯ?"

"ಹಾಸು ಏರೇತಿ ಅಂತೀನಿ. ಅವಂಗ ತಿಳಿಯಂಗಿಲ್ಲ, ಸಿಟ್ಟು ಮಾಡ್ತಾನ. ಆದ್ರೂ ಅಂತೀನಿ."

ಮಾರನೆಯ ದಿನ ಅವಳನ್ನು ಬಸ್ಸಿಗೆ ಬಿಡಲು ಹೋದೆ. ಅವಳ ಚೀಲದಿಂದ ಆಡಿನ ಕೂದಲಿನ ಹಗ್ಗದ ತುದಿ ಇಣುಕುತ್ತಿತ್ತು.

"ಹಗ್ಗ ಎಲ್ಗೇ ಒಯ್ತೀಯ?"

"ಇಲ್ಲಿಟ್ರ ಮತ್ತ ಗೂಟಕ್ಕ ಕಟ್ತಿ" ಎಂದಳು. ಬಸ್ಸು ಹತ್ತಿ ಆಚೆ ಕಡೆಯ ಕಿಟಕಿಗೆ ಕೂತಳು, ಬಿಸಿಲು ಈಚೆಗಿತ್ತು ಎಂದು.

ಆಮೇಲೆ ನಾನೊಬ್ಬಳೇ ನೇಯ್ದೆ. ಹೆಂಗಸರು ಗುಂಡಿಗೆ ಇಳಿಯಬಾರದು ಎನ್ನುತ್ತಿದ್ದರು. ಗಂಡನ ಮೊಣಕಾಲು ಹೋದ ವರ್ಷವೇ ನಾನು ಇಳಿದಿದ್ದೆ, ಊರಿಗೆ ಏನೂ ಆಗಲಿಲ್ಲ. ದೀಪಾವಳಿ ಬಂತು, ಹೋಯಿತು. ಗುಂಡಿ ಮುಚ್ಚಲು ಯಾರೂ ಬರಲಿಲ್ಲ. ನಾಲ್ಕನೆಯ ಕಂಬಳಿ ಕೊಯ್ಯುವಾಗ ಒಂದು ಗೇಣು ಹಾಸು ಮಗ್ಗದಲ್ಲೇ ಬಿಟ್ಟೆ.

ಹುಡುಗಿ ಕಂಬಳಿ ಒಯ್ಯಲು ಬಂದಳು. ಬ್ಯಾನರಿನ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆಯಬೇಕೆಂದಳು.

"ಈಗ ಹೇಳ್ಬಹುದಲ್ವಾ ಅಜ್ಜಿ, ಹೊಸ ಜೀವ ಬಂತು ಅಂತ?"

"ಮರಿ ಉಸಿರು ಎಳ್ಕಂಡ ತಕ್ಷಣ ನಾವು ಅಂಗನ್ನಲ್ಲ. ಅದು ಎದ್ದು ನಿಂತು, ತಾನೇ ಹೋಗಿ ತಾಯಿ ಹಾಲು ಕುಡಿದ್ಮೇಲೆ ಅಂತೀವಿ. ಅಲ್ಲೀ ತಂಕ ಬಾಯ್ಮುಚ್ಕಂಡು ಪಕ್ಕದಾಗೆ ಕುಂತಿರ್ತೀವಿ."

"ಹಾಗಾದ್ರೆ ಬ್ಯಾನರ್ ತೆಗೆದುಬಿಡ್ಲಾ?"

"ಬಟ್ಟೆ ಗಟ್ಟಿ ಐತೆ. ಇಲ್ಲೇ ಇರ್ಲಿ."

ಸಂಕ್ರಾಂತಿ ಕಳೆದು ರೊಳ್ಳದ ಆಚೆಯ ಮುದುಕ ಮತ್ತೆ ಉಣ್ಣೆ ಕೊಟ್ಟ, ಹೋದ ಸಲಕ್ಕಿಂತ ಕಡಿಮೆ. ಎರಡು ಕಂಬಳಿಗೆ ಸಾಲಬಹುದು. ನೂತು ಮುಗಿಸಿದ್ದೇನೆ. ಅಡ್ಡಕ್ಕೆ ನೇಯುವ ನೂಲಿನ ಉಂಡೆಗಳನ್ನು ಆ ಬ್ಯಾನರಿನಲ್ಲೇ ಸುತ್ತಿಟ್ಟಿದ್ದೇನೆ. ನಿನ್ನೆ ಮೊನ್ನೆ ಎರಡು ದಿನ ಬೀದಿಯಲ್ಲಿ ನಡೆದು ಹಾಸು ಹಾಸಿದೆ. ಬೇವಿನ ಗೂಟ ಅಲ್ಲಿಯೇ ನಿಂತಿದೆ, ಕಿತ್ತಿಲ್ಲ.

ಗೂಟಕ್ಕೆ ಕಟ್ಟಲು ಮನೆಯಲ್ಲಿ ಹಗ್ಗವಿಲ್ಲ. ಮುದುಕ ಉಣ್ಣೆಯ ಜೊತೆಗೆ ಒಂದು ಹಿಡಿ ಆಡಿನ ಕೂದಲನ್ನೂ ಕೊಟ್ಟಿದ್ದಾನೆ. ಕೂತರೆ ಅರ್ಧ ದಿನದಲ್ಲಿ ಹೊಸೆಯಬಹುದು. ಹೊಸೆದಿಲ್ಲ. ಅಂಗಡಿಯವನ ಫೋನಿನಿಂದ ರಾಯದುರ್ಗಕ್ಕೆ ಹೇಳಿ ಕಳಿಸಿದ್ದೇನೆ, ಗಂಜಿಗೆ ಬೀಜ ನೆನೆಹಾಕಿದ್ದೇನೆ ಎಂದು.